ನೋಲೀನ್ ತಪ್ಪಾಗಿ ಬರೆದ ಒಂದು ಸಾಲು

ಕಳೆದ ತಿಂಗಳು ನೋಲೀನ್ ಟ್ರೆವಿನ್‌ಳನ್ನು ಮಣ್ಣು ಮಾಡಿ ಬಂದೆವು. ಕ್ಲಬ್ಬಿನ ಅಧ್ಯಕ್ಷರು ಚರ್ಚಿನಲ್ಲಿ ಎದ್ದು ನಿಂತು, "ಇಪ್ಪತ್ತೆರಡು ವರ್ಷ ನಮ್ಮ ಮಕ್ಕಳ ಗಾಯಕ್ಕೆ ಪಟ್ಟಿ ಸುತ್ತಿದ ಕೈ" ಎಂದು ಹೊಗಳಿದರು. ಸುತ್ತಿದ್ದು ನಿಜ. ಆದರೆ ಅದೇ ಕೈ ಕೊನೆಯ ನಾಲ್ಕು ವರ್ಷ ಒಂದು ಸಾಲನ್ನು ತಿದ್ದಲು ಒದ್ದಾಡಿದ್ದನ್ನು ಅವರು ಹೇಳಲಿಲ್ಲ. ಅವರು ನುಂಗಿದ್ದನ್ನು ನಾನು ಈ ಪೇಪರಿನ ನನ್ನ ಅಂಕಣದಲ್ಲಿ ಬರೆಯುತ್ತೇನೆ. ಓದಿ ಯಾರಿಗಾದರೂ ಮೈ ಉರಿದರೆ ಉರಿಯಲಿ.

ನಮ್ಮೂರು ವೆರಿಂಗಾದಲ್ಲಿ ಗೋಧಿ ತುಂಬಿಡುವ ಸೈಲೋ ಗೋಪುರ ಬಿಟ್ಟರೆ ಇರುವುದು ಫುಟ್‌ಬಾಲ್ ಮೈದಾನವೊಂದೇ. ನಮ್ಮ ಕಡೆಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದೂ ಓಡಬಹುದು. ಶನಿವಾರ ಕಾರುಗಳೆಲ್ಲ ಬೇಲಿಗೆ ಮೂತಿಯಿಟ್ಟು ಸುತ್ತ ನಿಲ್ಲುತ್ತವೆ. ನಮ್ಮವರು ಗೋಲು ಹೊಡೆದರೆ ಒಳಗೆ ಕೂತವರು ಹಾರನ್ ಒತ್ತುತ್ತಾರೆ. ನಮ್ಮೂರಿನ ಚಪ್ಪಾಳೆ ಅದೇ.

ನೋಲೀನ್ ನನ್ನ ವಾರಿಗೆಯವಳು. ವಾರವೆಲ್ಲ ಶಾಲೆಯ ಕ್ಯಾಂಟೀನಿನಲ್ಲಿ ಮೀಟ್ ಪೈ ಬಿಸಿ ಮಾಡುವುದು, ಶನಿವಾರ ಐಸು, ಅಂಟುಪಟ್ಟಿ, ನೀರಿನ ಬಾಟಲಿ ಹಿಡಿದು ಮೈದಾನದ ಅಂಚಿನಲ್ಲಿ ಓಡುವುದು. ಕಲಿತದ್ದು ಎರಡು ದಿನದ ಪ್ರಥಮ ಚಿಕಿತ್ಸೆ, ಅಷ್ಟೆ. ಹೆಣ್ಣುಮಕ್ಕಳಿಗೂ ತಂಡ ಬೇಕೆಂದು ಮೂರು ವರ್ಷ ಕ್ಲಬ್ಬಿನ ಸಭೆಯಲ್ಲಿ ಜಗಳವಾಡಿ ಗೆದ್ದವಳೂ ಅವಳೇ.

ಒಂದು ದಿನ ವಿಶ್ವವಿದ್ಯಾಲಯದಿಂದ ಸೀನಾ ಎಂಬ ಸಂಶೋಧಕಿ ಬಂದಳು. ಸಮೋವಾದವರ ಮಗಳು, ಗಟ್ಟಿ ನಗೆಯವಳು. ಒಂದು ಕಟ್ಟು ಹಾಳೆ ಕೊಟ್ಟಳು. ಯಾರಿಗೆ ಪೆಟ್ಟಾಯಿತು, ಎಲ್ಲಿ, ಆಟದ ಎಷ್ಟನೇ ನಿಮಿಷ, ನೆಲ ಗಟ್ಟಿಯಿತ್ತೋ ಒದ್ದೆಯೋ, ಎಲ್ಲ ತುಂಬಬೇಕು.

"ಇಷ್ಟೆಲ್ಲ ಬರೆದ್ರೆ ಏನಾಗತ್ತೆ?" ಎಂದಳು ನೋಲೀನ್.

"ಒಂದೂರಿನ ಹಾಳೆಯಿಂದ ಏನೂ ಆಗಲ್ಲ. ಅರವತ್ತು ಊರಿಂದು ಸೇರಲಿ. ಮುಂದಿನ ವರ್ಷ ಮುರಿಯೋ ಕಾಲನ್ನ ಈ ವರ್ಷಾನೇ ತಡೀಬಹುದು."

ಆ ಮಾತು ನೋಲೀನ್‌ಗೆ ನಾಟಿತು. ಹಾಳೆ ತುಂಬುತ್ತ ತುಂಬುತ್ತ ಅವಳಿಗೇ ಒಂದು ಸಂಗತಿ ಕಂಡಿತು. ಹುಡುಗಿಯರ ಮಂಡಿ ಹೋಗುವುದು ಡಿಕ್ಕಿಯಿಂದಲ್ಲ, ಒಬ್ಬರೇ ಹಾರಿ ಇಳಿಯುವಾಗ. ಸೀನಾ ಹೇಳಿಕೊಟ್ಟಂತೆ ಆಟಕ್ಕೆ ಮೊದಲು ಕಾಲು ಗಂಟೆ ಹಾರುವುದನ್ನೂ ಮೆತ್ತಗೆ ಇಳಿಯುವುದನ್ನೂ ಮಾಡಿಸತೊಡಗಿದಳು. ಕೋಚ್ ಡ್ಯಾರಲ್‌ಗೆ ನಗು.

"ಏನೇ ನೋಲ್, ಇದು ಫುಟ್‌ಬಾಲೋ ಕಪ್ಪೆ ಕುಣಿತಾನೋ?"

"ಕಪ್ಪೆ ಮಂಡಿ ಮುರ್ಕೊಂಡಿದ್ದು ಎಲ್ಲಾದ್ರೂ ನೋಡಿದ್ಯೇನೋ? ನಿನ್ನ ಮಂಡಿ ನೋಡ್ಕೊ ಮೊದ್ಲು. ಬಾರ್ ಮೆಟ್ಲು ಹತ್ತೋಕೂ ಕಂಬಿ ಹಿಡೀತೀಯ."

ಆಮೇಲೆ ಎರಡು ವರ್ಷ ನಮ್ಮ ಒಬ್ಬ ಹುಡುಗಿಯ ಮಂಡಿಗೂ ಆಪರೇಷನ್ ಬೇಕಾಗಲಿಲ್ಲ.

ಮೂರನೆಯ ವರ್ಷ ಹುಡುಗಿಯರು ಸೆಮಿಫೈನಲ್ ತಲುಪಿದರು. ನಾಲ್ಕು ಕ್ವಾರ್ಟರ್‌ಗಳ ಆಟದ ಎರಡನೇ ಕ್ವಾರ್ಟರ್‌ನಲ್ಲಿ ಟ್ಯಾಮ್ಸಿನ್ ಹೋಡ್ ಎಂಬ ಹದಿನೈದರ ಹುಡುಗಿಯ ತಲೆ ಎದುರಾಳಿಯ ಭುಜಕ್ಕೆ ಬಡಿಯಿತು. ಎದ್ದವಳು ಚೆಂಡು ಹಿಡಿದು ನಮ್ಮ ಗೋಲಿನ ಕಡೆಗೇ ಓಡಿದಳು. ನೋಲೀನ್ ಅವಳನ್ನು ಹೊರಗೆ ತಂದು ಕೂರಿಸಿದಳು.

"ಇವತ್ತು ಯಾರ ಮೇಲೆ ಆಡ್ತಿದೀವಿ, ಚಿನ್ನ?"

ಟ್ಯಾಮ್ಸಿನ್ ಹೇಳಿದ್ದು ಹಿಂದಿನ ವಾರದ ಊರಿನ ಹೆಸರು. ನೋಲೀನ್‌ಳ ಮುಖ ನೋಡಿಯೇ ಅವಳಿಗೆ ತಪ್ಪು ತಿಳಿಯಿತು. "ನೋಲ್, ಬರೀಬೇಡ. ತಲೆ ಅಂತ ಬರೆದ್ರೆ ಮೂರು ವಾರ ಕೂರಿಸ್ತಾರೆ. ಫೈನಲ್ ಮುಂದಿನ ಶನಿವಾರ!"

ಡ್ಯಾರಲ್ ಬಂದು ಬಗ್ಗಿದ. "ನಮಗೆ ಬದಲಿ ಹುಡುಗೀರೇ ಇಲ್ಲ. ಇವಳೂ ಹೋದ್ರೆ ನೀನು ಕಟ್ಟಿದ ತಂಡ ಫೈನಲ್ ಆಡೋದೇ ಇಲ್ಲ. ತೊಡೆ ಅಂತ ಬರಿ, ಮಾರಾಯ್ತಿ."

ನೋಲೀನ್ ಬರೆದಳು. ತೊಡೆ, ಸ್ನಾಯುವಿಗೆ ಪೆಟ್ಟು. ತಲೆಯ ಸಾಲಿನಲ್ಲಿ ಸೊನ್ನೆ.

ಫೈನಲ್‌ನಲ್ಲಿ ಆದದ್ದು ದೊಡ್ಡ ಡಿಕ್ಕಿಯೇನಲ್ಲ. ಟ್ಯಾಮ್ಸಿನ್‌ಳ ಇನ್ನೂ ವಾಸಿಯಾಗದ ತಲೆಗೆ ಯಾರದೋ ಮೊಣಕೈ ತಗುಲಿತು. ಆಗ ತಾನೇ ನಮ್ಮವರು ಗೋಲು ಹೊಡೆದಿದ್ದರು, ಊರಿಗೆ ಊರೇ ಹಾರನ್ ಒತ್ತುತ್ತಿತ್ತು. ಆ ಸದ್ದಿನಲ್ಲಿ ನೋಲೀನ್ ಕೂಗಿದ್ದು ಯಾರಿಗೂ ಕೇಳಲಿಲ್ಲ. ನನಗೂ ಇಲ್ಲ, ನಾನೂ ಒತ್ತುತ್ತಿದ್ದೆ. ಹುಡುಗಿ ಬಿದ್ದಲ್ಲೇ ಬಿದ್ದಿದ್ದಳು.

ಟ್ಯಾಮ್ಸಿನ್ ಬದುಕಿದಳು. ಈಗ ಹತ್ತೊಂಬತ್ತು. ದನದ ಡಾಕ್ಟರಾಗುತ್ತೇನೆ ಎನ್ನುತ್ತಿದ್ದವಳು ಅರ್ಧ ಪುಟ ಓದಿದರೆ ವಾಂತಿ ಮಾಡಿಕೊಳ್ಳುತ್ತಾಳೆ. ಮನೆಯ ಪರದೆ ಎಳೆದೇ ಇರುತ್ತದೆ. ತಟ್ಟೆಗೆ ಚಮಚ ತಾಗಿದರೂ ಕಿವಿ ಮುಚ್ಚುತ್ತಾಳೆ. ಪ್ರತಿ ಮಂಗಳವಾರ ನೋಲೀನ್ ಹೋಗಿ, ಮೆಲ್ಲನೆಯ ದನಿಯಲ್ಲಿ, ಅವಳಿಗೆ ದನಗಳ ಪುಸ್ತಕ ಓದಿ ಹೇಳುತ್ತಿದ್ದಳು.

ಅಷ್ಟರಲ್ಲಿ ಸೀನಾಳ ವರದಿ ಅಚ್ಚಾಯಿತು. ಫೈನಲ್ ದಿನದ ಪೆಟ್ಟುಗಳು ಆ ಲೆಕ್ಕಕ್ಕೆ ಸೇರಿರಲಿಲ್ಲ, ಹಾಗಾಗಿ ಅದರಲ್ಲಿ ನಮ್ಮೂರಿನ ಹೆಸರಿನ ಮುಂದೆ ತಲೆಪೆಟ್ಟು ಸೊನ್ನೆ. ಅರವತ್ತು ಊರುಗಳ ಲೆಕ್ಕದಲ್ಲಿ ಟ್ಯಾಮ್ಸಿನ್ ಅಂದರೆ ತೊಡೆನೋವು ವಾಸಿಯಾಗಿ ವಾರದಲ್ಲೇ ಆಟಕ್ಕೆ ಮರಳಿದ ಹುಡುಗಿ. ನೋಲೀನ್ ಫೋನ್ ಮಾಡಿ ಎಲ್ಲ ಹೇಳಿದಳು. ಸೀನಾ ಆ ದಿನದ ಹಾಳೆಯನ್ನು ಹುಡುಕಿ ತೆಗೆದಳಂತೆ. ಆಮೇಲೆ, "ತಿದ್ದೋಣ ನೋಲ್. ಆದ್ರೆ ಕ್ಲಬ್ಬಿನ ಸಹಿ ಬೇಕು" ಎಂದಳಂತೆ.

ಕ್ಲಬ್ಬು ಕೊಡಲಿಲ್ಲ. "ಈಗ ತಿದ್ದಿದ್ರೆ ಆ ಹುಡುಗಿ ಸರಿಹೋಗ್ತಾಳಾ? ಫೈನಲ್ ಕಪ್ ಗೆದ್ದ ಊರಿನ ಮಾನ ಯಾಕೆ ತೆಗೀತೀಯ?" ಎಂದರು. ಪಟ್ಟಿ ಸುತ್ತುವ ಕೋಣೆಯ ಬೀಗದ ಕೈ ವಾಪಸು ತೆಗೆದುಕೊಂಡರು. ನೋಲೀನ್ ತಿದ್ದಿದ ಹಾಳೆಯನ್ನು ಕೈಚೀಲದಲ್ಲಿಟ್ಟುಕೊಂಡು ಸುತ್ತಲ ಊರುಗಳ ಕ್ಲಬ್ಬು ಕ್ಲಬ್ಬಿಗೆ ಹೋದಳು. ಅವಳಂತೆ ನೀರಿನ ಬಾಟಲಿ ಹಿಡಿದು ಓಡುವ ಹೆಂಗಸರ ಮುಂದೆ ನಿಂತು, "ನಾನು ಸುಳ್ಳು ಬರೆದೆ. ಆ ಹುಡುಗಿ ಹೆಸರು ಟ್ಯಾಮ್ಸಿನ್" ಎಂದೇ ಮಾತು ಶುರುಮಾಡುತ್ತಿದ್ದಳು. ಅಂಥ ಎದೆ ನಮ್ಮ ಕಮಿಟಿಯಲ್ಲಿ ಒಬ್ಬನಿಗೂ ಇಲ್ಲ.

ಮಣ್ಣು ಮಾಡಿದ ಮರುದಿನ ಶನಿವಾರ. ನೋಲೀನ್‌ಳ ಗೌರವಕ್ಕೆ ಒಂದು ನಿಮಿಷ ಹಾರನ್ ಒತ್ತುವುದೆಂದು ಕ್ಲಬ್ಬು ತೀರ್ಮಾನಿಸಿತು. ಹಾರನ್! ಟ್ಯಾಮ್ಸಿನ್ ಬಂದಿದ್ದನ್ನು ಯಾರೂ ನೋಡಲಿಲ್ಲ. ನಾಲ್ಕು ವರ್ಷದಲ್ಲಿ ಮೊದಲ ಸಲ ಬಂದಿದ್ದಳು, ಸೈಲೋ ಕೆಲಸದವರು ಹಾಕುವ ಕಿವಿಮುಚ್ಚುಗ ಹಾಕಿಕೊಂಡು, ಅಮ್ಮನ ಕಾರಿನ ಹಿಂದಿನ ಸೀಟಿನಲ್ಲಿ. ಐವತ್ತು ಕಾರುಗಳು ಒಟ್ಟಿಗೆ ಅರಚಿದವು. ನಾನು ಬೇಲಿಗುಂಟ ಓಡಿದೆ. ಹುಡುಗಿ ಬಾಗಿಲು ತೆರೆದು ಹುಲ್ಲಿನ ಮೇಲೆ ವಾಂತಿ ಮಾಡಿಕೊಳ್ಳುತ್ತಿದ್ದಳು, ತಾಯಿ ಕೂದಲು ಹಿಡಿದಿದ್ದಳು.

ಸದ್ದು ನಿಂತ ಮೇಲೆ ಟ್ಯಾಮ್ಸಿನ್ ನನ್ನನ್ನು ಗುರುತಿಸಲು ತುಸು ಹೊತ್ತು ಹಿಡಿಯಿತು. "ನೀನು ಪೇಪರಲ್ಲಿ ಬರೀತೀಯಲ್ವಾ? ಅವತ್ತು ಬರೀಬೇಡ ಅಂದವಳು ನಾನೇ. ಈಗ ಬರಿ. ನೋಲ್ ಹೇಗೆ ಬರೀತಿದ್ಲೋ ಹಾಗೆ."

ಸರಿ, ಬರೆದಿದ್ದೇನೆ. ಟ್ಯಾಮ್ಸಿನ್ ಹೋಡ್, ಹದಿನೈದು ವರ್ಷ. ತಲೆ. ಎರಡನೇ ಕ್ವಾರ್ಟರ್, ಹನ್ನೊಂದನೇ ನಿಮಿಷ. ನೆಲ ಗಟ್ಟಿಯಿತ್ತು. ಆಟಕ್ಕೆ ಮರಳಿಸಿದ್ದು ಏಳನೇ ದಿನ. ಕ್ಲಬ್ಬಿನ ಸಹಿಯ ಜಾಗ ಖಾಲಿ.