ನೀರು ಗುಡ್ಡ ಹತ್ತದಂತೆ ನೋಡಿಕೊಂಡ ಗೆರೆಯಕ್ಕ

ಗೆರೆಯಕ್ಕನ ಅಣ್ಣನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ಆರು ಗಂಟೆಗೆಲ್ಲ ಭೂಮಾಪನ ಕಚೇರಿಯ ಹಿಂಬದಿ ಕೋಣೆಯಲ್ಲಿ ಗಾಜಿನ ಮೇಜಿನಡಿಯ ದೀಪ ಹೊತ್ತಿಕೊಳ್ಳುತ್ತದೆ. ಇನ್ನೆರಡು ದಿನ ಬಿಟ್ಟು ಬರಬಹುದಿತ್ತಲ್ಲ ಎಂದು ಕಾವಲುಗಾರ ಮೆಲ್ಲಗೆ ಗದರಿಕೊಳ್ಳುತ್ತಾನೆ.

"ನಾನು ಕಾಯಬಹುದು, ಹಾಳೆ ಕಾಯಲ್ಲ."

ನಕಾಶೆ ಬರೆಯುವ ಈಕೆ ಎಲ್ಲರಿಗೂ ಗೆರೆಯಕ್ಕ. ಇಪ್ಪತ್ತೆರಡು ವರ್ಷಗಳಲ್ಲಿ ಮುನ್ನೂರ ಹತ್ತು ಹಾಳೆ ಬರೆದಿದ್ದಾರೆ. ಒಂದರ ಮೇಲೂ ಅವರ ಹೆಸರಿಲ್ಲ.

ಮಧ್ಯಾಹ್ನ ಅಚ್ಚಿಗೆ ಹೋಗುವ ಹಾಳೆಯಲ್ಲಿ ದಟ್ಟ ಕಾಡಿನೊಳಗೆ ಎರಡು ಹೊಳೆ ಕೂಡುತ್ತವೆ. ಆಚೆ ದಡದ ಊರಿಗೆ ಕಾಲುಸೇತುವೆ ಕಟ್ಟುವವರು ನಂಬುವುದು ಇದನ್ನೇ. ಕೂಡುವ ಜಾಗ ತಪ್ಪಾಗಿದೆ ಎಂದು ಅಣ್ಣ ಹೇಳಿ ಹೇಳಿ ಸೋತಿದ್ದ. ಅಳತೆಯ ಸರಪಳಿ ಎಳೆಯುವವನ ಮಾತಿಗೆ ಯಾರು ಕಿವಿಗೊಡುತ್ತಾರೆ? ವಿಮಾನದಿಂದ ತೆಗೆದ ಚಿತ್ರದಲ್ಲಿ ಮರಗಳ ನಡುವೆ ಕಾಣುವ ಸೀಳೇ ಎರಡರಲ್ಲಿ ಚಿಕ್ಕ ಹೊಳೆ ಎಂದು ಕಚೇರಿ ನಂಬಿತ್ತು. ಅದು ದಿಮ್ಮಿ ಎಳೆಯುತ್ತಿದ್ದ ಹಳೆಯ ದಾರಿ, ಹೊಳೆ ಮರಗಳಡಿ ಅಡಗಿದೆ ಎಂಬುದು ಅವನ ವಾದ. ರಜೆ ಹಾಕಿ ಹೋಗಿ ತೊಂಬತ್ತು ಕಡೆ ಎತ್ತರ ಅಳೆದು ಬಂದ. ಬಂದವನು ಹಾಸಿಗೆ ಹಿಡಿದ, ಏಳಲಿಲ್ಲ.

ಆ ತೊಂಬತ್ತು ಅಂಕಿಗಳನ್ನು ಗೆರೆಯಕ್ಕ ಒಂದೊಂದಾಗಿ ಹಾಳೆಗಿಳಿಸುತ್ತಾರೆ. ಒಂದೇ ಎತ್ತರದ ಜಾಗಗಳನ್ನು ಕೂಡಿಸಿ ಗೆರೆ ಎಳೆಯುತ್ತಾರೆ. ಹೊಳೆ ದಾಟುವಲ್ಲಿ ಇಂಥ ಗೆರೆ ಬಾಗಿ, ನೀರು ಬರುವ ಕಡೆಗೆ ಚೂಪಾದ ಮೂತಿ ಚಾಚುತ್ತದೆ. ಹತ್ತು ಗಂಟೆಯ ಹೊತ್ತಿಗೆ ಮೂತಿಗಳೆಲ್ಲ ಸಾಲಾಗಿ ನಿಲ್ಲುತ್ತವೆ, ಸೀಳಿನಲ್ಲಲ್ಲ, ಅಣ್ಣ ಹೇಳಿದ್ದಂತೆ ಮರಗಳಡಿ.

ಹಾಳೆಯನ್ನು ಕಚೇರಿಯ ಸಾಹೇಬರ ಮುಂದೆ ಹರಡಿ ಗೆರೆಯಕ್ಕ ಕೇಳುವುದು ಒಂದೇ ಮಾತು. "ಸಾರ್, ನೀವು ಬರೆಸಿರೋ ಹೊಳೆ ಇಲ್ಲಿ ಎಂಟು ಮೀಟರ್ ಮೇಲಕ್ಕೆ ಹರೀಬೇಕು. ಹರಿಯತ್ತಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುತ್ತಾರೆ. ಅಂಕಿಗಳ ಮೇಲೆ ಬಹಳ ಹೊತ್ತು ಬೆರಳಾಡಿಸಿ, ಕೆಂಪು ಪೆನ್ಸಿಲಿನಿಂದ ತಮ್ಮ ಹೊಳೆಯನ್ನು ತಾವೇ ಹೊಡೆದುಹಾಕುತ್ತಾರೆ. ಅಂಚಿನಲ್ಲಿ 'ಸ್ಥಳದ ಅಳತೆ' ಎಂದಿರುವಲ್ಲಿ ಅಣ್ಣನ ಹೆಸರು ಬರೆಯಲು ಹೇಳುತ್ತಾರೆ. ಸರಪಳಿಯಾಳಿನ ಹೆಸರು ಅಚ್ಚಾಗುತ್ತಿರುವುದು ಆ ಕಚೇರಿಯಲ್ಲಿ ಇದೇ ಮೊದಲು.

ಅಚ್ಚಾದ ಹಾಳೆಯೊಂದಿಗೆ ಗೆರೆಯಕ್ಕ ಬಸ್ಸು ಹತ್ತುತ್ತಾರೆ, ಜೊತೆಗೆ ಆಳುದ್ದದ ಬಿದಿರ ಗಳ. ಕೂಡುಹೊಳೆಯ ಆಳ ನೋಡಲೆಂದು ಅಣ್ಣ ಅಲ್ಲಿನ ಅಂಬಿಗನಿಂದ ಕೇಳಿ ತಂದದ್ದು. ಕೂಡುಹೊಳೆಯಲ್ಲಿ, ದೋಣಿಯ ಮೇಲೆ, ಅಂಬಿಗ ಗಳವನ್ನು ತಿರುಗಿಸಿ ನೋಡುತ್ತಾನೆ. ಮೈತುಂಬ ಆಳ ಗುರುತಿಸಿದ ಚಾಕುವಿನ ಗೀಟುಗಳು.

"ಒಂದಿನಕ್ಕೆ ಅಂತ ಒಯ್ದ. ನೋಡಮ್ಮ, ಹೆಂಗೆ ಕೆತ್ತಿ ಇಟ್ಟಿದಾನೆ."

ಗೆರೆಯಕ್ಕ ದೋಣಿಯ ಹಲಗೆಯ ಮೇಲೆ ಹಾಳೆ ಬಿಡಿಸಿ, ಎರಡು ನೀಲಿ ಗೆರೆ ಕೂಡುವಲ್ಲಿ ಬೆರಳಿಡುತ್ತಾರೆ.

"ನಾವೀಗ ಇಲ್ಲಿದೀವಿ ಮಾವ. ಗಳ ಇಟ್ಕೋ, ಅವನ ಕೆಲಸ ಮುಗೀತು."