ಮಾವನ ಮುಂದೆ ಕೂತು ನೇಯುವುದು

ಬನಹಟ್ಟಿಯ ನೇಕಾರರ ಸಂಘವೊಂದರಲ್ಲಿ ನನ್ನದು ತರಬೇತಿಯ ಕೆಲಸ. ದಿನಾ ಬೆಳಿಗ್ಗೆ ಜಮಖಂಡಿಯಲ್ಲಿ ತೇರದಾಳದ ಬಸ್ಸು ಹತ್ತಿ, ಸೀಟು ಸಿಕ್ಕರೆ ಒಂದು ಜೊಂಪು ತೆಗೆದು, ಬನಹಟ್ಟಿಯಲ್ಲಿ ಇಳಿಯುತ್ತೇನೆ. ಊರ ತುಂಬ ಪಾವರ್‌ಲೂಮಿನ ಸದ್ದು. ನಮ್ಮ ಸಂಘದ ಶೆಡ್ಡಿನಲ್ಲಿ ಮಾತ್ರ ಇನ್ನೂ ಕುಣಿಮಗ್ಗಗಳಿವೆ. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು, ನೆಲದ ಮಟ್ಟಕ್ಕೇ ಕೂತು ನೇಯಬೇಕು. ಅಲ್ಲಿ ಕೂರುವವರೆಲ್ಲ ಗಂಡಸರು. ಹೆಂಗಸರು ಹೊರಗಿನ ಪಡಸಾಲೆಯಲ್ಲಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಒಳಗೆ ಕಳಿಸುವವರು. ಮನೆಯಲ್ಲಿ ಗಂಡ ಜ್ವರ ಬಂದು ಮಲಗಿದರೆ ಮಗ್ಗಕ್ಕೆ ಕೂತು ಸೀರೆ ಮುಗಿಸುವವರೂ ಇದೇ ಹೆಂಗಸರು, ಆದರೆ ಸೀರೆ ಗಂಡನದು. ನನಗೆ ಮೊದಲಿನಿಂದಲೂ ಸಿಟ್ಟು ತರಿಸುವ ಸಂಗತಿ ಇದು.

ಕಳೆದ ಬೇಸಗೆಯಲ್ಲಿ ಶೆಡ್ಡಿನ ಒಂದು ಮಗ್ಗ ಖಾಲಿಯಾಯಿತು. ಅದನ್ನು ಒಬ್ಬ ಹೆಣ್ಣುಮಗಳಿಗೆ ಕೊಟ್ಟು ನೋಡೋಣ ಎಂದು ಆಡಳಿತ ಮಂಡಳಿಯವರು ಒಪ್ಪಿದರು. ಮೊದಲ ಸೀರೆ ಚೊಕ್ಕಟವಾಗಿ ಬಂದರೆ ಮಗ್ಗ ಆಕೆಗೇ, ಮುಂದೆ ಉಳಿದವರಿಗೂ ದಾರಿ. ಇಲ್ಲದಿದ್ದರೆ ಮತ್ತೆ ಪಡಸಾಲೆ. ಗಂಡಸರ ಮನಸ್ಸು ಹದ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಊಟವಾದ ಮೇಲೆ ಅವರನ್ನು ಕೂರಿಸಿಕೊಂಡು ಸಮಾನ ಕೆಲಸ, ಸಮಾನ ಅವಕಾಶ ಎಂದೆಲ್ಲ ಹೇಳಿದೆ. ಅಡ್ಡ ಮಾತು ಆಡಬಾರದು, ನಗಬಾರದು, ಕೇಳದೆ ಕಲಿಸಲು ಹೋಗಬಾರದು ಎಂದೆ. ಎಲ್ಲದಕ್ಕೂ ಕೋಲೆ ಬಸವನ ಹಾಗೆ ತಲೆ ಆಡಿಸಿದರು. ಅಷ್ಟು ಸಲೀಸಾಗಿ ಒಪ್ಪಿದಾಗಲೇ ನನಗೆ ಅನುಮಾನ ಬರಬೇಕಿತ್ತು. ನಾನು ಬೀಗುತ್ತ ಬಸ್ಸು ಹತ್ತಿದೆ.

ಮಗ್ಗ ಬೇಡಿದವಳು ಶೆಡ್ಡಿನ ಹಿರಿಯ ನೇಕಾರರ ಸೊಸೆ. ಮದುವೆಯಾಗಿ ಬಂದಾಗಿನಿಂದ ಕಂಡಿಕೆ ಸುತ್ತುತ್ತಿದ್ದಳು. ನಿನಗೆ ಯಾಕೆ ಬೇಕು ಮಗ್ಗ ಎಂದು ಕೇಳಿದ್ದೆ.

"ಸೀರಿ ಆಗಿ ಹೊರಗ ಬಂದಾಗ ನಾ ಸುತ್ತಿದ ನೂಲು ಅದರಾಗ ಎಲ್ಲೈತಿ ಅಂತ ಹುಡಕತೇನ್ರಿ ಬಾಯಾರ. ಒಂದರೆ ಸೀರಿ, ಇದು ನಂದು ಅನಬೇಕ್ರಿ," ಎಂದಿದ್ದಳು.

ಅವಳ ಕೈ ಚೆನ್ನಾಗಿತ್ತು. ಗಂಡಸರೂ ಮಾತಿಗೆ ತಪ್ಪಲಿಲ್ಲ. ಆಕೆ ಬರುವ ಮುಂಚೆಯೇ ಕುಣಿಯನ್ನು ಗುಡಿಸಿ ಇಟ್ಟಿದ್ದರು. ಆದರೂ ನೇಯ್ದ ಬಟ್ಟೆಯಲ್ಲಿ ಅಲ್ಲಲ್ಲಿ ತೆಳುವಾದ ಅಡ್ಡ ಗೆರೆ. ಮಗ್ಗ ನಡುವೆ ನಿಂತು ಮತ್ತೆ ಶುರುವಾದರೆ ಬರುವ ಗೆರೆ ಅದು. ಇವಳು ಯಾಕೆ ಪದೇಪದೇ ನಿಲ್ಲಿಸುತ್ತಾಳೆ ಎಂದು ನಾನು ಒಂದು ಬೆಳಿಗ್ಗೆ ಅಲ್ಲೇ ಕೂತು ನೋಡಿದೆ.

ಮಾವ ನೀರು ಕುಡಿಯಲು ಎದ್ದರು. ಅವರ ಮಗ್ಗ ಒಳಮೂಲೆಯಲ್ಲಿ, ಇವಳದು ಬಾಗಿಲ ಪಕ್ಕ, ನೀರಿನ ಕೊಡ ಹೊರಗೆ. ಅವರು ಬರುತ್ತಿದ್ದಂತೆ ಇವಳು ಲಾಳಿ ಬಿಟ್ಟು, ಕುಣಿಯಿಂದ ಕಾಲು ಎಳೆದುಕೊಂಡು, ತಲೆ ಮೇಲೆ ಸೆರಗು ಹೊದ್ದು ಎದ್ದು ನಿಂತಳು. ಅವರು ಹೋಗಿ, ಕುಡಿದು, ತಿರುಗಿ ಬಂದು ತಮ್ಮ ಮಗ್ಗಕ್ಕೆ ಕೂತ ಮೇಲೆಯೇ ಇವಳು ಕೂತದ್ದು. ನಮ್ಮ ಕಡೆ ಮಾವ ಎದುರಿಗೆ ಬಂದರೆ ಸೊಸೆಯಂದಿರು ಕೂತಿರುವುದಿಲ್ಲ. ಶೆಡ್ಡಿನಲ್ಲಿ ಯಾರಿಗೂ ಅದು ವಿಶೇಷ ಅನ್ನಿಸಿರಲಿಲ್ಲ. ನನಗೂ ಅನ್ನಿಸಿರಲಿಲ್ಲ, ನಾನೂ ಒಬ್ಬರ ಸೊಸೆಯೇ. ಅಷ್ಟೆಲ್ಲ ಭಾಷಣದಲ್ಲಿ ಏಳುವುದು ಕೂರುವುದರ ಬಗ್ಗೆ ಒಂದು ಮಾತೂ ಇರಲಿಲ್ಲ. ನಗುವುದೋ ಹಣೆ ಚಚ್ಚಿಕೊಳ್ಳುವುದೋ ತಿಳಿಯಲಿಲ್ಲ.

"ಏಳಬ್ಯಾಡ ನೀ," ಎಂದೆ.

"ನಾ ಎಲ್ಲೇಳತೇನ್ರಿ, ಕಾಲು ತಾವ ಏಳತಾವ್ರಿ," ಎಂದಳು.

ಕುಣಿಮಗ್ಗವನ್ನು ಕುರ್ಚಿಯ ಹಾಗೆ ಎತ್ತಿ ಬೇರೆ ಕಡೆ ಇಡಲು ಬರುವುದಿಲ್ಲ. ಬಾಗಿಲು ಇದ್ದದ್ದೂ ಒಂದೇ. ನಾನು ಉಪಾಯ ಹುಡುಕುತ್ತಿರುವಾಗಲೇ ಮಾವನವರಿಗೆ ಗೆರೆಯ ಕಾರಣ ಹೊಳೆದಿತ್ತು. ಅವರು ನೀರಿಗೆ ಏಳುವುದನ್ನೇ ಬಿಟ್ಟರು. ತಗಡಿನ ಶೆಡ್ಡು, ಹೊರಗೆ ಕೆಂಡದಂಥ ಬಿಸಿಲು. ಮುದುಕರು ಊಟದ ಹೊತ್ತಿನವರೆಗೆ ತುಟಿ ಒಣಗಿಸಿಕೊಂಡು ನೇಯುತ್ತ ಕೂರುತ್ತಿದ್ದರು. ಯಾರೋ ತಂಬಿಗೆಯಲ್ಲಿ ನೀರು ತಂದುಕೊಟ್ಟರೆ, ನೀರಡಿಕೆ ಇಲ್ಲ ಎನ್ನುತ್ತಿದ್ದರು. ಕುಡಿದರೆ ಆಮೇಲೆ ಹೊರಗೆ ಹೋಗಬೇಕಾಗುತ್ತದಲ್ಲ. ಗೆರೆಗಳು ನಿಂತವು, ಆದರೆ ಸೊಸೆ ಪಡಸಾಲೆಗೆ ಬಂದು ನನ್ನ ಮುಂದೆ ಅತ್ತಳು.

"ನನ್ನ ಸಲುವಾಗಿ ನೀರ ಬಿಟ್ಟು ಕುಂತಾರ್ರಿ ಮಾವಾರು. ಇಂಥಾ ಮಗ್ಗ ನನಗ ಬ್ಯಾಡ್ರಿ. ನಾ ಕಂಡಿಕಿನ ಸುತ್ತತೇನ್ರಿ."

ನನಗೂ ಕಣ್ಣು ತುಂಬಿತು. ಸೀದಾ ಮುದುಕರ ಹತ್ತಿರ ಹೋದೆ. "ಕಾಕಾ, ಏಳಬ್ಯಾಡ ಅಂತ ಆಕಿಗೆ ಒಂದು ಮಾತ ಹೇಳಿಬಿಡ್ರಿ, ಮುಗೀತು," ಎಂದೆ.

ಅವರು ಲಾಳಿ ಕೆಳಗಿಟ್ಟರು. "ಹೆಂಗ ಹೇಳ್ಲಿರಿ ಬಾಯಾರ? ನನಗ ಕೊಡೂದು ಅಂತ ಆಕಿ ಕಡೆ ಇರೂದು ಅದೊಂದ, ಮರ್ಯಾದಿ. ಅದೂ ಬ್ಯಾಡ ಅಂದ್ರ ಆಕಿ ಮನಸ್ಸಿಗೆ ಹೆಂಗ ಆಗಬ್ಯಾಡ?"

ಇಬ್ಬರೂ ಒಬ್ಬರಿಗಾಗಿ ಒಬ್ಬರು ಸೋಲಲು ಕೂತಿದ್ದರು. ಅವತ್ತು ವಾಪಸು ಬರುವಾಗ ಸೀಟು ಸಿಕ್ಕರೂ ನಿದ್ದೆ ಬರಲಿಲ್ಲ.

ಮಾರನೆಯ ದಿನ, ನನ್ನ ಒತ್ತಾಯಕ್ಕೆ ಸೊಸೆ ಮತ್ತೆ ಮಗ್ಗಕ್ಕೆ ಕೂತ ಸ್ವಲ್ಪ ಹೊತ್ತಿಗೆ ಮುದುಕರು ಎದ್ದರು. ಇವಳೂ ಎಂದಿನಂತೆ ಎದ್ದು ನಿಂತಳು. ಆದರೆ ಅವರು ಮುಂದೆ ಹೋಗಲಿಲ್ಲ. ಇವಳ ಮಗ್ಗದ ಪಕ್ಕ ನಿಂತರು. ಗೋಡೆಗೆ ಕೈ ಊರಿ, ಒಂದು ಮೊಣಕಾಲು, ಆಮೇಲೆ ಇನ್ನೊಂದು ಮಡಚಿ, ಬರೀ ನೆಲದ ಮೇಲೆ ಕೂತುಬಿಟ್ಟರು. ಉಳಿದ ಮಗ್ಗಗಳೆಲ್ಲ ಒಂದೊಂದಾಗಿ ನಿಂತವು.

"ಕುಂದರವ್ವಾ," ಎಂದರು. "ನೀ ಕುಂದರೂ ಮಟಾ ನಾ ಏಳಂಗಿಲ್ಲ."

ಮಾವ ಕೆಳಗೆ, ಸೊಸೆ ಮೇಲೆ. ಅವಳಿಗೆ ನಿಲ್ಲಲೂ ಆಗದು, ಕೂರಲೂ ಆಗದು. ಸೆರಗಿನ ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಹಾಗೇ ನಿಂತಿದ್ದಳು. ಕೊನೆಗೆ ನಿಧಾನಕ್ಕೆ ಕೂತಳು, ಕುಣಿಗೆ ಕಾಲು ಇಳಿಬಿಟ್ಟಳು. ಲಾಳಿ ಒಂದು ಸಲ ಹೋಗಿ ಬಂತು, ಇನ್ನೊಂದು ಸಲ ಹೋಗಿ ಬಂತು. ಮುದುಕರು ಏಳಲು ನೋಡಿದರೆ ಮೊಣಕಾಲು ಕೇಳಲಿಲ್ಲ.

"ಎಬ್ಬಸ್ರೆಪಾ ಯಾರರೆ, ನೀರ ಕುಡೀಬೇಕು," ಎಂದರು.

ಇಬ್ಬರು ಬಂದು ರಟ್ಟೆ ಹಿಡಿದು ಎಬ್ಬಿಸಿದರು. ಸೊಸೆಯ ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ. ಮುದುಕರು ಅವಳನ್ನು ದಾಟಿ ಹೋಗಿ ಎರಡು ತಂಬಿಗೆ ನೀರು ಕುಡಿದರು.

ಸೀರೆಯ ಮೊದಲ ಭಾಗದ ಗೆರೆಗಳು ಹಾಗೇ ಉಳಿದವು. ಮಂಡಳಿಯವರು ಹಿಂದೆ ಮುಂದೆ ತಿರುವಿ ನೋಡಿದರು, ಕಾರಣವನ್ನೂ ಕೇಳಿದರು, ಮಗ್ಗ ಆಕೆಗೇ ಇರಲಿ ಎಂದರು. ಸುದ್ದಿ ಹೇಳಲು ನಾನು ಹೆಚ್ಚುಕಡಿಮೆ ಓಡುತ್ತಲೇ ಶೆಡ್ಡಿಗೆ ಹೋದೆ. ನನ್ನನ್ನು ಕಂಡು ಅವಳು ನೆಲಕ್ಕೆ ಕೈ ಊರಿ ಏಳಲು ಹೋದಳು. ಅರ್ಧ ಎದ್ದವಳು ಮತ್ತೆ ಕೂತಳು.

"ಕುಂತ ಕೇಳತೇನ್ರಿ ಬಾಯಾರ," ಎಂದಳು, "ಹೇಳ್ರಿ."