ಹ ತೆಗೆದು ಪ ಹಾಕು

ಮೊನ್ನೆ ಕೊಚ್ಚಿಯ ಎಡಪ್ಪಳ್ಳಿಯ ಅಂಗಡಿಯೊಂದರಲ್ಲಿ ಹುಣಸೆಹಣ್ಣಿನ ಪೊಟ್ಟಣ ಒಡೆದು ಬಿದ್ದಿತ್ತು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಲಾರಿವಟ್ಟಂನ ನಮ್ಮ ಹಳೆಯ ಬಾಡಿಗೆ ಮನೆ, ಅದರ ಮಹಡಿಯಲ್ಲಿದ್ದ ಅಕ್ಕ, ಎಲ್ಲ ನೆನಪಾಯಿತು. ಕಪಾಟಿನ ಮೇಲೆ ಮಲಯಾಳಂನಲ್ಲಿ ‘ಪುಳಿ’ ಎಂದು ಬರೆದಿತ್ತು. ಅಕ್ಕ ಜೊತೆಗಿದ್ದಿದ್ದರೆ, “ನೋಡಿದ್ಯೇನೇ, ನಮ್ಮ ಹುಳೀನೇ ಅದು!” ಎಂದು ಅಂಗಡಿಗೆಲ್ಲ ಕೇಳುವಂತೆ ಹೇಳುತ್ತಿದ್ದರು.

ಅಕ್ಕ ಮೈಸೂರಿನ ಕಡೆಯವರು, ಯಜಮಾನರು ಬ್ಯಾಂಕಿನಲ್ಲಿದ್ದರು. ಮದುವೆಯಾಗಿ ಕೊಚ್ಚಿಗೆ ಬಂದು ಪಿಳಿಪಿಳಿ ಕಣ್ಣು ಬಿಡುತ್ತಿದ್ದ ನನಗೆ ಮಲಯಾಳಂ ಕಲಿಸಿದ್ದು ಅವರೇ. ಕಲಿಸಿದ್ದೂ ಒಂದೇ ಸೂತ್ರ. “ಹ ತೆಗೆದು ಪ ಹಾಕು ಕಣೇ, ಮುಗೀತು.” ಹಾಲು ಪಾಲಾಯಿತು, ಹೂವು ಪೂವಾಯಿತು, ಹತ್ತು ಪತ್ತಾಯಿತು. ಆ ಧೈರ್ಯದಲ್ಲೇ ಅವರು ಒಮ್ಮೆ ‘ಪೆಸರುಕಾಳು’ ಕೇಳಿದಾಗ, ಅಂಗಡಿಯವನು ಅದ್ಯಾವ ಸೀಮೆಯ ಪದಾರ್ಥವೋ ಎಂದು ತಲೆ ಕೆರೆದುಕೊಂಡಿದ್ದ. ಅಕ್ಕನಿಗೆ ಅದರ ಬಗ್ಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಸಂಕೋಚ ಇದ್ದದ್ದು ಮಗಳಿಗೆ. ಒಂಬತ್ತನೇ ಕ್ಲಾಸಿನ ಹುಡುಗಿ, ಅಮ್ಮ ಕನ್ನಡದಲ್ಲಿ ಏನೇ ಕೇಳಲಿ, ಮಲಯಾಳಂನಲ್ಲೇ ಉತ್ತರ. ಒಂದು ದಿನ ಶಾಲೆಯ ಮೀಟಿಂಗಿಗೆ ಹೊರಟಾಗ ಬಾಗಿಲಲ್ಲೇ ನಿಂತು, “ಅಮ್ಮ ಒನ್ನುಂ ಮಿಂಡಂಡ” ಎಂದಳಂತೆ. “ಏನೂ ಮಾತಾಡ್ಬೇಡ ಅಂತೆ ಕಣೇ ನಾನು,” ಎಂದು ಅಕ್ಕ ನಗುನಗುತ್ತಲೇ ಹೇಳಿದರು. ಹೇಳುತ್ತ ಹೇಳುತ್ತ ಕಣ್ಣು ತುಂಬಿ ಬಂತು...

ಆಗಷ್ಟೇ ಮಲಯಾಳಂ ಟೀವಿಯಲ್ಲಿ ಅಡಗಿದ ಚಿತ್ರ ಹುಡುಕುವ ಆಟವೊಂದು ಶುರುವಾಗಿತ್ತು. ಪರದೆಯ ಮೇಲೆ ದೊಡ್ಡದೊಂದು ಚಿತ್ರ, ಅದರ ಗೆರೆಗಳ ನಡುವೆ ಎಲ್ಲೋ ಒಂದು ಪ್ರಾಣಿ, ಕೊಡೆ, ಕತ್ತರಿ. ಮೊದಲು ಕಂಡವರು ಗಂಟೆ ಒತ್ತಿ ಹೆಸರು ಹೇಳಬೇಕು. ಅಕ್ಕಿಯಲ್ಲಿ ಬಿಳಿಕಲ್ಲನ್ನೂ ಬಿಡದ ಕಣ್ಣು ಅಕ್ಕನದು. ಅಲ್ಲಿಯವರು ಬಾಯಿ ತೆರೆಯುವ ಮೊದಲೇ ಇವರು ಸೋಫಾದಿಂದ ಕೂಗಿಬಿಡುತ್ತಿದ್ದರು. ಕಡೆಗೊಂದು ದಿನ, “ನಾನೂ ಹೋಗ್ತೀನಿ. ಟೀವೀಲಿ ಮಾತಾಡಿ ಗೆದ್ದು ಬಂದ್ರೆ ಇವಳು ನನ್ನ ಬಾಯಿ ಮುಚ್ಚಿಸ್ತಾಳಾ ನೋಡೋಣ,” ಎಂದರು.

ಕರೆ ಬಂದೇ ಬಂತು. ಅವರ ಯಜಮಾನರಿಗೆ ರಜೆ ಸಿಗದೆ ನಾನು ಜೊತೆಯಾದೆ. ತಿರುವನಂತಪುರದ ರೈಲಿನಲ್ಲಿ ಮಗಳು ದಾರಿಯುದ್ದಕ್ಕೂ ಮುಖ ಗಂಟಿಕ್ಕಿಕೊಂಡು ಕಿಟಕಿಗೆ ಅಂಟಿಕೊಂಡಿದ್ದಳು. ಸ್ಟುಡಿಯೋದಲ್ಲೂ ನನ್ನ ಪಕ್ಕ ತಲೆ ತಗ್ಗಿಸಿಯೇ ಕೂತಳು.

ಅಕ್ಕ ಕೊನೆಯ ಸುತ್ತಿನವರೆಗೂ ಬಂದರು. ಪರದೆಯ ಮೇಲೆ ಬಿದಿರುಮೆಳೆ, ಸಂಜೆಯ ಬಿಸಿಲು. ನಮಗೆಲ್ಲ ಬರೀ ಬಿದಿರು ಕಾಣುತ್ತಿರುವಾಗಲೇ ಅಕ್ಕ ಗಂಟೆ ಒತ್ತಿ, “ಪುಲಿ!” ಎಂದರು. ಹ ತೆಗೆದು ಪ ಹಾಕಿದ್ದರು. ಆದರೆ ಮಲಯಾಳಂನಲ್ಲಿ ಪುಲಿ ಎಂದರೆ ಚಿರತೆಯಂತೆ! ಎದುರಿನವನು ನಿಧಾನವಾಗಿ ನೋಡಿ, “ಕಡುವ” ಎಂದ. ಪಟ್ಟೆಪಟ್ಟೆಯ ಹುಲಿಗೆ ಇಲ್ಲಿ ಅದೇ ಹೆಸರು. ನಿರೂಪಕ, “ಯಾವ ಪುಳಿ ಚೇಚಿ, ಸಾಂಬಾರಿನದಾ?” ಎಂದು ಛೇಡಿಸಿದ. ಸ್ಟುಡಿಯೋ ಗೊಳ್ಳೆಂದು ನಕ್ಕಿತು. ಅಕ್ಕನ ಮುಖ ಸಣ್ಣಗಾಯಿತು, ಕಣ್ಣು ಮಗಳನ್ನೇ ಹುಡುಕುತ್ತಿತ್ತು.

ನನ್ನ ಪಕ್ಕದಲ್ಲಿದ್ದವಳು ಧಡಕ್ಕನೆ ಎದ್ದು ನಿಂತಳು.

“ಅಮ್ಮಾ, ಅದು ಹುಲೀನೇ! ನೀನೇ ಫಸ್ಟ್ ನೋಡಿದ್ದು!”

ಕನ್ನಡದಲ್ಲಿ! ಅಷ್ಟು ಜನರ ಮುಂದೆ! ಆಮೇಲೆ ನಿರೂಪಕನ ಜೊತೆ ಮಲಯಾಳಂನಲ್ಲಿ ಜಗಳಕ್ಕೇ ಇಳಿದಳು, ನಮ್ಮ ಭಾಷೆಯಲ್ಲಿ ಇದೇ ಹುಲಿ ಎಂದು. ತೀರ್ಪು ಬದಲಾಗಲಿಲ್ಲ. ಸೋತ ಅಕ್ಕ ಮಾತ್ರ ಅಲ್ಲೇ ನಿಂತು ಬಾಯ್ತುಂಬ ನಗುತ್ತಿದ್ದರು. ವಾಪಸು ರೈಲಿನಲ್ಲಿ ಮಗಳು ಅವರ ಹೆಗಲಿಗೊರಗಿ ನಿದ್ದೆ ಹೋದಾಗ, “ನಮ್ಮ ಭಾಷೆ ಅಂದ್ಲು ಕಣೇ...” ಎಂದು ನನ್ನ ಕೈ ಅದುಮಿದರು.

ಆ ಸಂಚಿಕೆ ಪ್ರಸಾರವಾಗಲೇ ಇಲ್ಲ. ಅದಕ್ಕೂ ಮೊದಲೇ ಕಾರ್ಯಕ್ರಮ ನಿಂತುಹೋಯಿತು. ಇನ್ನೊಮ್ಮೆ ನೋಡುವ ಆಸೆಗೆ ಅಕ್ಕ ಎಷ್ಟೋ ವಾರ ಟೀವಿಯ ಮುಂದೆ ಕೂತಿದ್ದರು. ಆಮೇಲೆ ಅಕ್ಕನ ಯಜಮಾನರಿಗೆ ತಿರುವನಂತಪುರಕ್ಕೆ ವರ್ಗವಾಗಿ ಅವರೆಲ್ಲ ಅಲ್ಲೇ ನೆಲೆಸಿದರು. ನಮ್ಮ ಭೇಟಿಗಳು ಕಡಿಮೆಯಾದವು...

ಮೊನ್ನೆ ಕೊಂಡ ಹುಣಸೆಹಣ್ಣನ್ನು ಈಗ ನೆನೆಹಾಕಿದ್ದೇನೆ. ಇವತ್ತು ಅಕ್ಕನ ಥರದ ಹುಳಿ ಮಾಡಬೇಕು. ರುಚಿ ನೋಡಿ ಉಪ್ಪು ಹೇಳಲು ಮಹಡಿಯಿಂದ ಯಾರೂ ಇಳಿದು ಬರುವುದಿಲ್ಲ. ಹೋದ ವರ್ಷ ಮಗಳು ಫೋನ್ ಮಾಡಿದ್ದಳು. ನನ್ನ ಜೊತೆ ಕನ್ನಡದಲ್ಲೇ ಮಾತಾಡಬೇಕೆಂದು ತಡವರಿಸುತ್ತಿದ್ದಳು. ‘ಹೋದರು’ ಎನ್ನುವುದಕ್ಕೆ ಮಲಯಾಳಂನಲ್ಲಿ ‘ಪೋಯಿ’ ಎನ್ನುತ್ತಾರೆ. ಆ ಹುಡುಗಿ ಅಮ್ಮನ ಸೂತ್ರವನ್ನೇ ತಿರುಗಿಸಿ, ಪ ತೆಗೆದು ಹ ಹಾಕಿದಳು.

“ಆಂಟಿ... ಅಮ್ಮ ಹೋಯಿ.”

ತಿದ್ದಲು ಹೋಗದೆ, “ಹೂಂ ಮಗಳೇ, ಹೋಯಿ,” ಎಂದೆ.